ನಲವತ್ತೈದು ಖೇಪು

ಪುಣೆಯಿಂದ ಧಾರವಾಡಕ್ಕೆ 425 ಕಿಲೋಮೀಟರು. ಇದು ಭೂಪಟ ನೋಡಿ ಹೇಳಿದ ಮಾತಲ್ಲ. ಕೋಥರೂಡದ ನಮ್ಮ ಮನೆಯ ಬಾಗಿಲಿನಿಂದ ಧಾರವಾಡದ ಮಾಳಮಡ್ಡಿಯಲ್ಲಿದ್ದ ನಮ್ಮ ಅವ್ವನ ಮನೆಯ ಕಟ್ಟೆಯವರೆಗೆ ಕಾರಿನ ಮೀಟರು ಅಳೆದು ಕೊಟ್ಟ ದೂರ. ಹೋಗಿ ಬಂದರೆ 850. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಂಥವರು ಊರಿನ ದೂರವನ್ನು ಎರಡು ರೀತಿಯಲ್ಲಿ ಹೇಳುವುದುಂಟು: ಇಷ್ಟು ಕಿಲೋಮೀಟರು, ಇಲ್ಲವೆ ಇಷ್ಟು ತಾಸು. ಮೂರನೆಯ ಅಳತೆಯೊಂದಿದೆ, ಅದನ್ನು ನಾಲ್ಕು ಜನರೆದುರಿಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ರೂಪಾಯಿಯ ಅಳತೆ. ಸಂಘದ ಯುಗಾದಿ ಊಟದಲ್ಲಿ ಯಾರಾದರೂ “ಊರಿಗೆ ಹೋಗಿ ಎಷ್ಟು ದಿನವಾಯಿತು?” ಎಂದು ಕೇಳಿದರೆ “ರಜೆಯೇ ಸಿಗಲಿಲ್ಲ” ಎನ್ನುತ್ತೇವೆಯೇ ಹೊರತು “ಪೆಟ್ರೋಲು ತುಟ್ಟಿಯಾಯಿತು” ಎನ್ನುವುದಿಲ್ಲ. ನಾನೂ ಕೆಲವು ವರ್ಷ ಪಾಪ, ರಜೆಯ ಮೇಲೆಯೇ ಅಪವಾದ ಹೊರಿಸಿದವನು.

ತಪ್ಪು ನನ್ನದೇ. 2002ರಲ್ಲಿ, ಕೈಯಲ್ಲಿ ನಾಲ್ಕು ಕಾಸು ಕೂಡಿದ ಉಮೇದಿನಲ್ಲಿ, ನಾನೊಂದು ಫಿಯಾಟ್ ಪಾಲಿಯೋ ಕೊಂಡೆ. ತೆಂಡೂಲ್ಕರರು ಜಾಹೀರಾತಿನಲ್ಲಿ ಪಕ್ಕಕ್ಕೆ ನಿಂತಿದ್ದ ಕಾರು ಅದು. ಅದರಲ್ಲಿ 1.2 ಎಂಬ ಸಾಧು ಜಾತಿಯದೊಂದು ಇತ್ತು. ಸಂಸಾರಸ್ಥರು ಅದನ್ನು ಕೊಳ್ಳುತ್ತಿದ್ದರು. ನಾನು ಕೊಂಡದ್ದು 1.6. ಹದಿನಾರು ವಾಲ್ವು, ನೂರು ಕುದುರೆಯ ಬಲ, ಮೈ ಮಾತ್ರ ಚಿಕ್ಕದು. ಅದನ್ನು ಓಡಿಸುವ ಸುಖವನ್ನು ಹೇಗೆ ಹೇಳಲಿ! ಮೂರನೆಯ ಗೇರಿನಲ್ಲಿ ಕಾಲೊತ್ತಿದರೆ ಅದರ ದನಿ ಮೊದಲು ಗೊಣಗಿ, ಆಮೇಲೆ ಹಾಡಿ, ಕೊನೆಗೆ ತಾರಕಕ್ಕೇರಿ, ಎದುರಿಗಿದ್ದ ಕಬ್ಬಿನ ಲಾರಿ ಕಣ್ಣು ಮಿಟುಕಿಸುವುದರೊಳಗೆ ಹಿಂದಿನ ಕನ್ನಡಿಗೆ ಬಂದುಬಿಡುತ್ತಿತ್ತು. ಹಾಡುವವರಿಗೆ ಬಾಯಾರುವುದು ಸಹಜ. ಪೇಟೆಯಲ್ಲಿ ಲೀಟರಿಗೆ ಎಂಟು ಕಿಲೋಮೀಟರು, ಹೆದ್ದಾರಿಯಲ್ಲಿ ಬಹಳ ಕಾಲು ಬಿಗಿಹಿಡಿದರೆ ಹನ್ನೊಂದು. ಪೆಟ್ರೋಲು ಲೀಟರಿಗೆ ಮೂವತ್ತರ ಆಸುಪಾಸಿನಲ್ಲಿದ್ದ ಆ ದಿನಗಳಲ್ಲಿ ಇದು ಅಂಥ ದೊಡ್ಡ ಸಂಗತಿ ಎನಿಸಿರಲಿಲ್ಲ.

ಅವ್ವನಿಗೆ ಮಾತ್ರ ಮೊದಲ ದಿನವೇ ಎನಿಸಿತ್ತು. ಕಾರು ಕಟ್ಟೆಯ ಮುಂದೆ ನಿಂತೊಡನೆ ಅವಳ ಮೊದಲನೆಯ ಪ್ರಶ್ನೆ “ಆರಾಮಿದ್ದೀರೇನು” ಎಂದಲ್ಲ, “ಎಣ್ಣಿ ಎಷ್ಟ ಕುಡೀತಪಾ ಇದು?” ಎಂದು. ನಾನು ಪ್ರತಿ ಸಲವೂ ಅರ್ಧದಷ್ಟು ಹೇಳುತ್ತಿದ್ದೆ. ಆ ಅರ್ಧವನ್ನು ಕೇಳಿಯೇ ಅವಳು ಹಣೆ ಗಂಟಿಕ್ಕುತ್ತಿದ್ದಳು. ಅಪ್ಪ ಸಾಲೆಯ ಮಾಸ್ತರರಾಗಿದ್ದವರು. ಅವರ ಸಂಬಳದಲ್ಲಿ ನಾಲ್ಕು ಮಕ್ಕಳನ್ನು ಬೆಳೆಸಿದ ಅವ್ವನಿಗೆ ಲೆಕ್ಕ ತಪ್ಪುತ್ತಿರಲಿಲ್ಲ.

2010ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರ ಪೆಟ್ರೋಲಿನ ದರದ ಮೇಲಿನ ಹಿಡಿತವನ್ನು ಸಡಿಲಿಸಿತು. ಅಲ್ಲಿಂದ ದರ ಏಣಿ ಹತ್ತತೊಡಗಿತು. 2012ರ ಮೇ ತಿಂಗಳಲ್ಲಿ ಒಂದೇ ರಾತ್ರಿಗೆ ಏಳೂವರೆ ರೂಪಾಯಿ ಏರಿ ದಿಲ್ಲಿಯಲ್ಲಿ 73 ರೂ. 18 ಪೈಸೆಯಾಯಿತು, ಪುಣೆಯಲ್ಲಿ ಸುಮಾರು 78. ನಮ್ಮ 850 ಕಿಲೋಮೀಟರಿಗೆ 77 ಲೀಟರು; ಎಂದರೆ ಆರು ಸಾವಿರ ರೂಪಾಯಿ. ಟೋಲು ಬೇರೆ, ಊಟ ತಿಂಡಿ ಬೇರೆ. ಒಂದು ಕಾಲಕ್ಕೆ ತಿಂಗಳಿಗೊಮ್ಮೆ ಹೋಗುತ್ತಿದ್ದವರು ಎರಡು ತಿಂಗಳಿಗೊಮ್ಮೆ ಹೋದೆವು. ಆಮೇಲೆ ದೀಪಾವಳಿ, ಯುಗಾದಿ, ಬೇಸಗೆಯ ರಜೆ, ಇಷ್ಟಕ್ಕೆ ನಿಂತಿತು. ಅವ್ವನೇ ಫೋನಿನಲ್ಲಿ ಹೇಳುತ್ತಿದ್ದಳು: “ಅಷ್ಟ ರೊಕ್ಕಾ ಸುಟ್ಟು ಯಾಕ ಬರ್ತೀಯೋ? ದನಿ ಕೇಳಿದ್ನೆಲ್ಲಾ, ಸಾಕು.” ಆಗ ಅವಳಿಗೆ ಎಪ್ಪತ್ತೊಂಬತ್ತು. “ಸಾಕು” ಎಂದಮೇಲೆ ಫೋನು ಇಡಲು ಅವಳು ತೆಗೆದುಕೊಳ್ಳುತ್ತಿದ್ದ ಹೊತ್ತು ಮಾತ್ರ ಬೇರೆಯೇ ಮಾತು ಹೇಳುತ್ತಿತ್ತು.

ರೈಲು ಇಲ್ಲವೇ ಎಂದು ವಾಚಕರು ಕೇಳಬಹುದು. ಇದೆ, ಮೀರಜ, ಬೆಳಗಾವಿ, ಲೋಂಡಾ ಸುತ್ತಿ ಹೋಗುತ್ತದೆ. ರಾತ್ರಿಯ ಬಸ್ಸುಗಳೂ ಧಾರಾಳವಾಗಿವೆ. ಆದರೆ ನಾವು ನಾಲ್ಕು ಜನ. ಶನಿವಾರ ಹೋಗಿ ಸೋಮವಾರ ಬೆಳಗಾಗುವುದರೊಳಗೆ ಹಿಂದಿರುಗಬೇಕಾದವರು. ಮೇಲಾಗಿ ಅಲ್ಲಿ ಅವ್ವನನ್ನು ಹುಬ್ಬಳ್ಳಿಯ ಕಣ್ಣಿನ ಡಾಕ್ಟರರಲ್ಲಿಗೆ ಕರೆದೊಯ್ಯಬೇಕು. ಇವೆಲ್ಲ ನಿಜವಾದ ಕಾರಣಗಳೇ. ಇವುಗಳಿಗಿಂತ ನಿಜವಾದ ಇನ್ನೊಂದು ಕಾರಣವೆಂದರೆ ಆ ದಾರಿಯಲ್ಲಿ ನಾನೇ ಕಾರು ನಡೆಸಿಕೊಂಡು ಹೋಗಬೇಕೆಂಬ ಚಪಲ.

ಆ ಮೇ ತಿಂಗಳ ಏರಿಕೆಯ ವಾರ ನಾನು ಒಂದು ವಹಿ ತೆಗೆದು ಕುಳಿತೆ. ಪೆಟ್ರೋಲು 73ಕ್ಕೆ ಏರಿದ ದಿನ ದಿಲ್ಲಿಯಲ್ಲಿ ಡೀಸೆಲಿನ ದರ 40 ರೂ. 91 ಪೈಸೆ; ಎರಡರ ನಡುವೆ 32 ರೂಪಾಯಿಯ ಅಂತರ. ಲಾರಿ, ಬಸ್ಸು, ಹೊಲದ ಪಂಪುಗಳಿಗಾಗಿ ಸರ್ಕಾರ ಡೀಸೆಲನ್ನು ಹಿಡಿದಿಟ್ಟಿತ್ತು. ಆ ಅಗ್ಗದ ಎಣ್ಣೆಯನ್ನು ನನ್ನಂಥ ಕಾರಿನವರು ಕುಡಿಸಿಕೊಳ್ಳುವುದು ನ್ಯಾಯವೇ? ಅಲ್ಲವೆಂದೇ ನನ್ನ ಅಭಿಪ್ರಾಯ. ಅಭಿಪ್ರಾಯ ಹಾಗಿದ್ದರೂ ಲೆಕ್ಕ ಹಾಕುವುದನ್ನು ನಿಲ್ಲಿಸಲಿಲ್ಲ.

ಮೊದಲನೆಯ ಲೆಕ್ಕವೇ ನನ್ನ ಉತ್ಸಾಹಕ್ಕೆ ತಣ್ಣೀರೆರಚಿತು. ಡೀಸೆಲ್ ಕಾರು ಲೀಟರಿಗೆ ಇಪ್ಪತ್ತು ಕಿಲೋಮೀಟರು ಕೊಟ್ಟರೆ, ಪುಣೆಯ ಸುಮಾರು 45 ರೂಪಾಯಿ ದರದಲ್ಲಿ ಒಂದು ಖೇಪಿಗೆ 1,900 ರೂ. ಪಾಲಿಯೋದ ಎದುರಿಗೆ 4,100 ಉಳಿತಾಯ. ಭೇಷ್! ಆದರೆ ಹೊಸ ಕಾರಿಗೆ ಆರೂವರೆ ಲಕ್ಷ. ಹಳೆಯದನ್ನು ಮಾರಿದರೆ ಬರುವ ಎಂಬತ್ತು ಸಾವಿರ ಕಳೆದರೂ ಐದು ಲಕ್ಷ ಎಪ್ಪತ್ತು ಸಾವಿರ. ಅದು ಮರಳಿ ಹುಟ್ಟಬೇಕಾದರೆ ಸುಮಾರು 140 ಖೇಪು. ತಿಂಗಳಿಗೊಂದರಂತೆ ಹನ್ನೊಂದೂವರೆ ವರ್ಷ! ಎಣ್ಣೆಯ ಖರ್ಚು ಉಳಿಸಲೆಂದು ಹೊಸ ಕಾರು ಕೊಳ್ಳುವವನು ಅಕ್ಕಿ ಉಳಿಸಲೆಂದು ಹೊಲ ಕೊಂಡವನ ಹಾಗೆ. ಇದನ್ನು ಕಾರು ಬದಲಿಸಲು ಹೊರಟಿರುವ ನಮ್ಮ ಸಂಘದ ತರುಣರು ಮೊದಲು ಬರೆದು ನೋಡಿಕೊಳ್ಳಬೇಕು.

ಆದರೆ ಹತ್ತು ವರ್ಷದ ಕಾರನ್ನು ಹೇಗಿದ್ದರೂ ಬದಲಿಸಬೇಕಾಗಿತ್ತು. ಹಾಗಿದ್ದಮೇಲೆ ಪ್ರಶ್ನೆ ಬೇರೆ: ಹೊಸದು ಪೆಟ್ರೋಲಿನದೋ ಡೀಸೆಲಿನದೋ? ಅದೇ ಕಾರಿನ ಡೀಸೆಲ್ ಜಾತಿಗೆ ಸುಮಾರು ಒಂದು ಲಕ್ಷ ಹೆಚ್ಚು. ಹದಿನಾರು ಕಿಲೋಮೀಟರು ಕೊಡುವ ಪೆಟ್ರೋಲ್ ಕಾರಿಗೆ ಹೋಲಿಸಿದರೆ ಒಂದು ಖೇಪಿಗೆ 2,230 ರೂಪಾಯಿ ಉಳಿಯುತ್ತದೆ. ಕಚೇರಿಗೆ ನಾನು ಬಸ್ಸಿನಲ್ಲಿ ಹೋಗುವವನು, ಕಾರೆಂದರೆ ಧಾರವಾಡವೇ. ಲಕ್ಷವನ್ನು 2,230ರಿಂದ ಭಾಗಿಸಿದೆ. ನಲವತ್ತೈದು ಬಂತು. ವಹಿಯಲ್ಲಿ ಆ ಅಂಕೆಯ ಸುತ್ತ ಒಂದು ಗೆರೆ ಎಳೆದೆ.

ನನ್ನ ಹೆಂಡತಿ ವಹಿಯನ್ನು ನೋಡಿ, “ನಲವತ್ತೈದು ಖೇಪು ಅಂದ್ರ ನಾಕು ವರ್ಷ ಆತು. ಅಲ್ಲೀತನಕಾ ತಿಂಗಳಾ ತಿಂಗಳಾ ಹೋಗೂದು ನಕ್ಕಿ ಅದನೋ, ಬರೇ ಲೆಕ್ಕದಾಗ ಹೋಗ್ತೀರೋ?” ಎಂದಳು. ಆಗ ಒಂಬತ್ತನೆಯ ಇಯತ್ತೆಯಲ್ಲಿದ್ದ ಮಗಳು ಬೇರೊಂದು ತಕರಾರು ತೆಗೆದಳು. ಅದೇ ಜೂನ್ 12ರಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲಿನ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿತ್ತು; ಅವಳು ಆ ಸುದ್ದಿಯನ್ನು ಕತ್ತರಿಸಿ ನನ್ನ ವಹಿಯೊಳಗೇ ಇಟ್ಟಳು. ನನ್ನಲ್ಲಿ ಉತ್ತರವಿರಲಿಲ್ಲ. ಕತ್ತರಿಸಿದ ಆ ತುಂಡು ಈಗಲೂ ಅಲ್ಲಿಯೇ ಇದೆ.

ಪಾಲಿಯೋವನ್ನು ಕೊಳ್ಳಲು ಬಂದವನು ಇಂಜಿನಿಯರಿಂಗ್ ಓದುವ ಹುಡುಗ. ಅವನು ಲೀಟರಿಗೆ ಎಷ್ಟು ಓಡುತ್ತದೆಂದು ಕೇಳಲಿಲ್ಲ. ಬಾನೆಟ್ಟು ಎತ್ತಿ, ಇಂಜಿನ್ ಚಾಲೂ ಮಾಡಿಸಿ, ಸಂಗೀತ ಕಚೇರಿಯಲ್ಲಿ ಕುಳಿತವರ ಹಾಗೆ ಕಣ್ಣು ಮುಚ್ಚಿ ನಿಂತ. ನಾನು ಅಲ್ಲಿಂದ ಒಳಗೆ ಬಂದುಬಿಟ್ಟೆ.

ಬಂದ ಕಾರು ಸ್ವಿಫ್ಟ್ ಡೀಸೆಲು. ಆ ಕಾಲಕ್ಕೆ ಅದಕ್ಕಾಗಿ ತಿಂಗಳುಗಟ್ಟಲೆ ಸರದಿ ಕಾಯಬೇಕಾಗಿತ್ತು. ಅಕ್ಟೋಬರಿನಲ್ಲಿ ಕೈಗೆ ಬಂತು. ಇದರಲ್ಲಿ ಒಂದು ತಮಾಷೆಯಿದೆ. ಅದರ 1,248 ಸಿ.ಸಿ.ಯ ಇಂಜಿನು ಮೂಲದಲ್ಲಿ ಫಿಯಾಟಿನವರದೇ. ಅವರು ಜನರಲ್ ಮೋಟರ್ಸಿನೊಡನೆ ಸೇರಿ 2003ರಲ್ಲಿ ಹೊರತಂದದ್ದು. ಸ್ವಿಫ್ಟಿನಲ್ಲಿ ಅದೇ, ಟಾಟಾದವರ ಕೆಲವು ಕಾರುಗಳಲ್ಲಿ ಅದೇ, ಫಿಯಾಟಿನ ಪುಂಟೋ, ಲಿನಿಯಾಗಳಲ್ಲೂ ಅದೇ. ಮೋಟಾರಿನ ಹುಚ್ಚಿನವರು ಅದನ್ನು ‘ರಾಷ್ಟ್ರೀಯ ಇಂಜಿನ್’ ಎಂದು ಹಾಸ್ಯ ಮಾಡುತ್ತಿದ್ದರು. ಅಂತೂ ಫಿಯಾಟನ್ನು ಮಾರಿ ಫಿಯಾಟಿನ ಹೃದಯವನ್ನೇ ಮನೆಗೆ ತಂದ ಹಾಗಾಯಿತು. ಆದರೆ ಹೃದಯದ ಬಡಿತ ಬೇರೆ. ನೂರು ಕುದುರೆ ಹೋಗಿ ಎಪ್ಪತ್ತೈದಾದವು. ಹಾಡು ಹೋಗಿ ಹಿಟ್ಟಿನ ಗಿರಣಿಯ ಸದ್ದು ಬಂತು.

ಆ ನವೆಂಬರಿನಲ್ಲಿ, ದೀಪಾವಳಿಗೆ, ಮೊದಲನೆಯ ಖೇಪು. ಬೆಳಗಿನ ಐದಕ್ಕೆ ಹೊರಟು ಕಾತ್ರಜದ ಸುರಂಗ ದಾಟಿ ಖೇಡ-ಶಿವಾಪುರದ ಟೋಲಿಗೆ ಬಂದೆವು. ಈ ದಾರಿಯಲ್ಲಿ ಧಾರವಾಡದ ತನಕ ಏಳು ಟೋಲುಗಳು: ಖೇಡ-ಶಿವಾಪುರ, ಆನೇವಾಡಿ, ತಾಸವಡೆ, ಕಿಣಿ, ಕೊಗನೊಳಿ, ಹತ್ತರಗಿ, ಹಿರೇಬಾಗೇವಾಡಿ. ಟೋಲಿನವನಿಗೆ ಪೆಟ್ರೋಲೂ ಒಂದೇ, ಡೀಸೆಲೂ ಒಂದೇ, ಅವನಲ್ಲಿ ಉಳಿತಾಯವಿಲ್ಲ.

ಹೊಸ ಕಾರಿನ ಗುಣ ತಿಳಿದದ್ದು ಖಂಬಾಟ್ಕಿ ಘಾಟಿನಲ್ಲಿ. ಆಗ ಸಾತಾರೆಯ ಕಡೆಯಿಂದ ಬರುವವರಿಗೆ ಸುರಂಗ, ಹೋಗುವ ನಮಗೆ ಘಾಟು. ಪಾಲಿಯೋ ಇಲ್ಲಿ ಮೂರನೆಯ ಗೇರಿನಲ್ಲಿ ಹಾಡುತ್ತ ಏರುತ್ತಿತ್ತು. ಅದೇ ಅಭ್ಯಾಸದಿಂದ ನಾನು ತಿರುವಿನಲ್ಲಿ ಒಂದು ಲಾರಿಯನ್ನು ಹಿಂದೆ ಹಾಕಲು ಹೊರಟು ಕಾಲೊತ್ತಿದರೆ, ಕಾರು “ಏನು? ಯಾಕೆ?” ಎಂದು ಯೋಚನೆ ಮಾಡುತ್ತ ನಿಂತ ಹಾಗಾಯಿತು. ಹಿಂದಿನಿಂದ ಒಂದು ಬಸ್ಸು ಹಾರ್ನು ಬಾರಿಸಿತು. ಎರಡನೆಯ ಗೇರಿಗೆ ಇಳಿಸಿದಮೇಲೆ, ಇಂಜಿನಿನ ಸುತ್ತು ಎರಡು ಸಾವಿರ ದಾಟುತ್ತಿದ್ದಂತೆ, ಟರ್ಬೋ ಎಂಬ ಊದುಕೊಳವೆ ಎಚ್ಚೆತ್ತು ಯಾರೋ ಹಿಂದಿನಿಂದ ನೂಕಿದ ಹಾಗೆ ಏರಿಸಿಕೊಂಡು ಹೋಯಿತು. ಸುತ್ತು ಎರಡು ಸಾವಿರದ ಕೆಳಗಿದ್ದರೆ ಎತ್ತು, ಮೇಲಿದ್ದರೆ ಗೂಳಿ. ಇದನ್ನು ಅರಿತು ನಡೆಸುವುದಕ್ಕೆ ನನಗೆ ಮೂರು ಖೇಪು ಬೇಕಾದವು. ಪಕ್ಕದಲ್ಲಿ ಕುಳಿತವಳು ಆ ಘಾಟಿನಲ್ಲಿ ಏನೂ ಮಾತಾಡಲಿಲ್ಲ. ಇಳಿದಮೇಲೆ “ಇನ್ನ ಮ್ಯಾಲೆ ಲಾರಿ ಹಿಂದನ ಹೋಗೂಣ್ರಿ” ಎಂದಳು. ಹಾಗೆಯೇ ಹೋದೆವು. ಲಾರಿಯ ಹಿಂದೆ ಹೋದರೆ ದಾರಿ ಕಾಣುವುದಿಲ್ಲ, ಆದರೆ ಎರಡೂ ಬದಿಯ ಸೀಮೆ ಕಾಣುತ್ತದೆ. ಹತ್ತು ವರ್ಷ ಓಡಾಡಿದ ದಾರಿಯನ್ನು ನಾನು ಅಂದೇ ಮೊದಲ ಸಲ ನೋಡಿದೆನೇನೋ.

ಸಾತಾರೆಯ ಅಜಿಂಕ್ಯತಾರಾ ಕೋಟೆ ಬೆಳಗಿನ ಬಿಸಿಲಿನಲ್ಲಿ ಎಡವೋ ಬಲವೋ ಎಂದು ಮಕ್ಕಳು ಜಗಳವಾಡುತ್ತಿರುವಾಗಲೇ ಹಿಂದೆ ಸರಿಯಿತು. ಕರಾಡದಲ್ಲಿ ಕೃಷ್ಣೆ ಮತ್ತು ಕೋಯನಾ ಎದುರುಬದುರಾಗಿ ಬಂದು ಕೂಡುತ್ತವೆ. ಅಲ್ಲಿಂದ ಮುಂದೆ ಕೊಲ್ಹಾಪುರದ ತನಕ ಎರಡೂ ಕಡೆ ಕಬ್ಬು. ಕಬ್ಬಿನ ನಡುವೆ ಅಲ್ಲಲ್ಲಿ ಟುಕುಟುಕು ಸದ್ದು ಮಾಡುತ್ತ ನೀರೆತ್ತುವ ಹಳೆಯ ಡೀಸೆಲ್ ಪಂಪು. ಒಂದು ಕಡೆ ಚಹಕ್ಕೆ ನಿಂತಾಗ ಅಂಥದೊಂದರ ಹತ್ತಿರ ಹೋಗಿ ನೋಡಿದೆ. ಕಿರ್ಲೋಸ್ಕರ ಎಂದು ಎರಕದಲ್ಲಿ ಮೂಡಿತ್ತು.

ಈ ಹೆಸರಿನ ಮುಂದೆ ಕನ್ನಡಿಗರು ಸ್ವಲ್ಪ ಹೊತ್ತು ನಿಲ್ಲಬೇಕು. ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು 1869ರಲ್ಲಿ, ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿ ಇಟ್ಟರು. ಕಬ್ಬಿಣದ ನೇಗಿಲು ಮಾಡಿದರು. 1910ರಲ್ಲಿ ಕರಾಡದ ಪೂರ್ವಕ್ಕೆ, ರೈಲುದಾರಿಯ ಮೇಲೆ, ಬಯಲಿನಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. 1946ರಲ್ಲಿ ಅದೇ ಮನೆತನದವರು ಪುಣೆಯ ಖಡಕಿಯಲ್ಲಿ ಡೀಸೆಲ್ ಇಂಜಿನಿನ ಕಾರಖಾನೆ ತೆರೆದರು. ಹೊಟ್ಟೆಪಾಡಿಗಾಗಿ ನಮಗಿಂತ ಮೊದಲೇ ಈ ದಾರಿ ಹಿಡಿದು ಹೋದವರು.

ಸೈಕಲ್ಲಿನ ಮಾತು ಬಂದದ್ದು ಒಳ್ಳೆಯದಾಯಿತು. ಗಾಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಕೈಗೆ ಬಿಸಿ ಹತ್ತುವುದನ್ನು ನಾವೆಲ್ಲ ನೋಡಿದ್ದೇವೆ. ಡೀಸೆಲ್ ಇಂಜಿನಿನ ಗುಟ್ಟೆಲ್ಲ ಅಷ್ಟೇ. ಪೆಟ್ರೋಲಿಗೆ ಕಿಡಿ ಬೇಕು, ಡೀಸೆಲಿಗೆ ಬೇಡ. ಗಾಳಿಯನ್ನೇ ಬಲವಾಗಿ ಒತ್ತಿ ಕಾಯಿಸಿ, ಆ ಕಾವಿನೊಳಗೆ ಎಣ್ಣೆ ಸಿಂಪಡಿಸಿದರೆ ತಾನಾಗಿ ಹೊತ್ತುತ್ತದೆ. ಹಾಗೆ ಬಲವಾಗಿ ಒತ್ತುವುದರಿಂದಲೇ ಅಷ್ಟೇ ಎಣ್ಣೆಯಿಂದ ಹೆಚ್ಚು ಕೆಲಸವಾಗುವುದು. ಆ ಒತ್ತಡವನ್ನು ತಾಳಬೇಕಾದ್ದರಿಂದಲೇ ಇಂಜಿನು ಭಾರವಾಗಿ, ಬೆಲೆ ಲಕ್ಷ ಹೆಚ್ಚಾಗುವುದು. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಇಂಜಿನಿಯರು 1897ರಲ್ಲಿ ಇದನ್ನು ಮಾಡಿ ತೋರಿಸಿದ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂಥದೊಂದು ಇಂಜಿನನ್ನು ಶೇಂಗಾ ಎಣ್ಣೆಯಿಂದ ಓಡಿಸಿದ್ದರು. ಇದನ್ನು ಆಮೇಲೆ ಅವ್ವನಿಗೆ ಹೇಳಿದಾಗ ಅವಳಿಗೆ ಕೆಟ್ಟೆನಿಸಿತು: “ತಿನ್ನೂ ಎಣ್ಣಿ ಸುಟ್ರನು?”

ಕಾಗಲ ದಾಟಿ ಕೊಗನೊಳಿ. ನಮ್ಮ ಕಾರಿನಲ್ಲಿ ಇಲ್ಲಿ ಒಂದು ಪಂದ್ಯ ನಡೆಯುತ್ತಿತ್ತು: ಮೊದಲ ಕನ್ನಡ ಬೋರ್ಡು ಯಾರಿಗೆ ಕಂಡೀತು ಎಂದು. ಗೆದ್ದವರಿಗೆ ನಿಪ್ಪಾಣಿಯಲ್ಲಿ ಕಬ್ಬಿನ ಹಾಲು. ಪುಣೆಯಲ್ಲಿ ಹುಟ್ಟಿ ಮರಾಠಿ ಸಾಲೆಯಲ್ಲಿ ಓದಿದ ನನ್ನ ಮಗ ಕನ್ನಡದ ಅಕ್ಷರಗಳನ್ನು ಕಲಿತದ್ದು, ನಾನು ಕೊಟ್ಟ ಅಂಕಲಿಪಿಯಿಂದಲ್ಲ, ಈ ಗಡಿಯ ಬೋರ್ಡುಗಳಿಂದ. ಅಕ್ಷರ ಕೂಡಿಸಿ ಓದುವುದರೊಳಗೆ ಬೋರ್ಡು ಹಿಂದೆ ಹೋಗಿಬಿಡುತ್ತಿತ್ತು. ಆದ್ದರಿಂದ ಒಂದು ಖೇಪಿಗೆ ಒಂದೆರಡು ಅಕ್ಷರದಂತೆ ಅವನ ಕಲಿಕೆ ಸಾಗಿತು. ಪಾಲಿಯೋ ಆಗಿದ್ದರೆ ಅದೂ ಆಗುತ್ತಿರಲಿಲ್ಲವೆನ್ನಿ.

ನಿಪ್ಪಾಣಿ ಹೊಗೆಸೊಪ್ಪಿನ ಊರು. 1981ರಲ್ಲಿ ಇಲ್ಲಿಯ ಬೆಳೆಗಾರರು ಬೆಲೆಗಾಗಿ ಇದೇ ಹೆದ್ದಾರಿಯ ಮೇಲೆ ದಿನಗಟ್ಟಲೆ ಕುಳಿತಿದ್ದರು. ಗೋಲಿಬಾರಾಗಿ ಜನ ಸತ್ತರು. ಇಂದು ಆ ದಾರಿಯಲ್ಲಿ ತಾಸಿಗೆ ಎಂಬತ್ತು ಕಿಲೋಮೀಟರಿನಂತೆ ಹೋಗುವವರಿಗೆ ಅದು ತಿಳಿಯುವ ಯಾವ ಗುರುತೂ ನನಗೆ ಕಂಡಿಲ್ಲ. ಮುಂದೆ ತವಂದಿ ಘಾಟು. ಇಲ್ಲಿಯ ಸ್ತವನಿಧಿ ಜೈನರ ಪುಣ್ಯಸ್ಥಾನ. ಸಂಕೇಶ್ವರ, ಯಮಕನಮರಡಿ, ಒಂಟಮುರಿ. ಆಮೇಲೆ ಕಿತ್ತೂರಿನ ಚೆನ್ನಮ್ಮ ಹುಟ್ಟಿದ ಕಾಕತಿ. ಬೆಳಗಾವಿ ದಾಟಿದೊಡನೆ ಹೆದ್ದಾರಿಯ ಪಕ್ಕದಲ್ಲಿ ಬೆಳ್ಳಗೆ ಹೊಸ ಸುವರ್ಣ ವಿಧಾನಸೌಧ; ಒಂದು ತಿಂಗಳ ಹಿಂದೆ, ಅಕ್ಟೋಬರ್ 11ರಂದು, ರಾಷ್ಟ್ರಪತಿ ಪ್ರಣವ್ ಮುಖರ್ಜಿಯವರು ಅದನ್ನು ಉದ್ಘಾಟಿಸಿದ್ದರು. ಎಂ.ಕೆ. ಹುಬ್ಬಳ್ಳಿಯ ಸೇತುವೆಯ ಮೇಲೆ ಕಾರು ನಿಧಾನ ಮಾಡಿ ಎಲ್ಲರೂ ಮಲಪ್ರಭೆಗೆ ಕೈ ಮುಗಿದೆವು. ಕಿತ್ತೂರು, ತೇಗೂರು. ಅಲ್ಲಿಂದ ಮಣ್ಣಿನ ಬಣ್ಣ ಬದಲಾಗುತ್ತದೆ. ಧಾರವಾಡದ ಕೆಮ್ಮಣ್ಣು ಬಂತೆಂದರೆ ನನಗೆ ಹಸಿವಾಗುತ್ತದೆ.

“ಎಣ್ಣಿ ಎಷ್ಟ ಕುಡೀತಪಾ?” ಎಂದಳು ಅವ್ವ.

ಆ ಸಲ ನಾನು ನಿಜ ಹೇಳಿದೆ. “ಇಪ್ಪತ್ತೊಂದು ಲೀಟರು, ಸಾವಿರಕ್ಕಿಂತ ತುಸು ಹೆಚ್ಚು.” ಮೊದಲು ಪೆಟ್ರೋಲಿಗೆ ಹೇಳುತ್ತಿದ್ದ ಸುಳ್ಳಿಗಿಂತಲೂ ಇದು ಕಡಿಮೆಯಾಗಿತ್ತು. ಅವಳು ನಂಬಲಿಲ್ಲ. ಊಟವಾದಮೇಲೆ ವಹಿ ತೆಗೆದು ನಲವತ್ತೈದು ಖೇಪಿನ ಲೆಕ್ಕವನ್ನೆಲ್ಲ ಓದಿ ಹೇಳಿದೆ. ಅಡಿಕೆ ಕತ್ತರಿಸುತ್ತ ಕೇಳಿದವಳು ಕತ್ತರಿ ನಿಲ್ಲಿಸಿ, “ಹಂಗಾರ ನಲವತ್ತೈದು ಆಗೂತನಕಾ ನಾ ಇರಬೇಕನ್ನು. ಇಲ್ಲಂದ್ರ ನಿನಗ ಲುಕ್ಸಾನ!” ಎಂದು ನಕ್ಕಳು. ನಾವೂ ನಕ್ಕೆವು.

ಅಂದಿನಿಂದ ಆ ಎಣಿಕೆ ಅವಳದೂ ಆಯಿತು. ಕಾರು ನಿಂತೊಡನೆ “ಇದು ಎಷ್ಟನೇದು?” ಎಂದು ಕೇಳುವಳು. ಏಳನೆಯದರಲ್ಲಿ ಅವಳ ಎಡಗಣ್ಣಿನ ಪೊರೆ ತೆಗೆಸಿದೆವು. ಹನ್ನೊಂದನೆಯದರಲ್ಲಿ ಸೋಮೇಶ್ವರಕ್ಕೆ ಹೋಗಿ ಶಾಲ್ಮಲೆ ಹುಟ್ಟುವಲ್ಲಿ ಕುಳಿತು ಅವಲಕ್ಕಿ ತಿಂದೆವು. ಮದುವೆಯಾಗಿ ಧಾರವಾಡಕ್ಕೆ ಬಂದ ವರ್ಷ ಅಪ್ಪ ಅವಳನ್ನು ಅಲ್ಲಿಗೆ ಸೈಕಲ್ಲಿನ ಮೇಲೆ ಕರೆದುಕೊಂಡು ಹೋಗಿದ್ದರಂತೆ. ಈ ಮಾತನ್ನು ನಾನು ಕೇಳಿದ್ದು ಅಂದೇ ಮೊದಲು. ಬಹಳ ಖೇಪುಗಳಲ್ಲಿ ಏನೂ ನಡೆಯಲಿಲ್ಲ. ಹೋದೆವು, ಉಂಡೆವು, ಮಲಗಿದೆವು, ಶೇಂಗಾ ಹಿಂಡಿಯ ಡಬ್ಬಿ ಹಿಡಿದುಕೊಂಡು ಬಂದೆವು. ಪೆಟ್ರೋಲಿನ ಕಾಲದಲ್ಲಿ, ಆರು ಸಾವಿರ ಖರ್ಚು ಮಾಡಿ ಹೋದಮೇಲೆ, ಏನಾದರೂ ನಡೆಯಲೇಬೇಕೆಂದು ನಾವು ಓಡಾಡುತ್ತಿದ್ದೆವು. ಎರಡು ಸಾವಿರದಲ್ಲಿ ಸುಮ್ಮನೆ ಕುಳಿತುಕೊಳ್ಳಬಹುದಾಗಿತ್ತು.

ಅಷ್ಟರಲ್ಲಿ ನನ್ನ ಲೆಕ್ಕದ ಕೆಳಗಿನ ನೆಲ ಜಾರುತ್ತಿತ್ತು. 2012ರ ಸೆಪ್ಟೆಂಬರಿನಲ್ಲಿಯೇ, ಕಾರು ಕೈಗೆ ಬರುವ ಮೊದಲೇ, ಡೀಸೆಲು ಐದು ರೂಪಾಯಿ ಏರಿತ್ತು. 2013ರ ಜನವರಿಯಿಂದ ತಿಂಗಳಿಗೆ ಐವತ್ತು ಪೈಸೆಯಷ್ಟು ಏರಿಸಲು ಎಣ್ಣೆ ಕಂಪನಿಗಳಿಗೆ ಅನುಮತಿ ಸಿಕ್ಕಿತು. 2014ರ ಅಕ್ಟೋಬರಿನಲ್ಲಿ ಡೀಸೆಲಿನ ದರವನ್ನೂ ಸರ್ಕಾರ ಪೂರ್ತಿ ಬಿಟ್ಟುಕೊಟ್ಟಿತು. ಆಗ ದಿಲ್ಲಿಯಲ್ಲಿ ಪೆಟ್ರೋಲು 66 ರೂ. 65 ಪೈಸೆ, ಡೀಸೆಲು 55 ರೂ. 60 ಪೈಸೆ. 32 ರೂಪಾಯಿಯ ಅಂತರ ಹನ್ನೊಂದಕ್ಕೆ ಇಳಿದಿತ್ತು. ನ್ಯಾಯ ನೋಡಿದರೆ ಹೀಗೇ ಆಗಬೇಕಾಗಿತ್ತು, ಸರಿ. ಆದರೆ ನನ್ನ ಖೇಪಿನ ಉಳಿತಾಯ 2,230ರಿಂದ ಸುಮಾರು 1,180ಕ್ಕೆ ಬಂತು. ಇಪ್ಪತ್ನಾಲ್ಕು ಖೇಪು ಮುಗಿದಿದ್ದವು, ನಲವತ್ತು ಸಾವಿರದಷ್ಟು ಮರಳಿತ್ತು. ಉಳಿದದ್ದಕ್ಕೆ ಹೊಸ ದರದಲ್ಲಿ ಭಾಗಿಸಿದರೆ ಇನ್ನೂ ಐವತ್ತರ ಹತ್ತಿರ ಬೇಕು. ಒಟ್ಟು ನಲವತ್ತೈದಲ್ಲ, ಎಪ್ಪತ್ತರ ಮೇಲೆ.

ಇದನ್ನು ಅವ್ವನಿಗೆ ಹೇಳಲಿಲ್ಲ. ಆ ಸಲವೂ ಅವಳು ಬೆರಳು ಮಡಿಚಿ, “ಇನ್ನ ಇಪ್ಪತ್ತೊಂದು ಉಳದಾವು” ಎಂದಳು. “ಹೌದು” ಎಂದೆ. ಪೆಟ್ರೋಲಿನ ಕಾಲದ ಸುಳ್ಳಿಗೆ ಡೀಸೆಲಿನಲ್ಲಿಯೂ ಒಂದು ಜೊತೆಯಾಯಿತು.

ಮೂವತ್ತಮೂರನೆಯ ಖೇಪು 2015ರ ಜುಲೈ ತಿಂಗಳಲ್ಲಿ. ರಾತ್ರಿ ಹನ್ನೊಂದಕ್ಕೆ ಅಕ್ಕನ ಫೋನು ಬಂತು. ಟಾಕಿ ತುಂಬಿತ್ತು, ಎಲ್ಲಿಯೂ ನಿಲ್ಲಿಸುವ ಕಾರಣವಿರಲಿಲ್ಲ. ಮಳೆ. ಲಾರಿಗಳ ಹಿಂದೆಯೇ ಹೋದೆ. ಬೆಳಗಿನ ಐದೂವರೆಗೆ ಮುಟ್ಟಿದಾಗ ಅವಳಿಗೆ ಇನ್ನೂ ಎಚ್ಚರವಿತ್ತು. ನನ್ನ ಕೈ ಹಿಡಿದುಕೊಂಡಳು. ಎಷ್ಟನೆಯದೆಂದು ಕೇಳಲಿಲ್ಲ. ಅಂದು ಮಧ್ಯಾಹ್ನ ಹೋದಳು. ವಹಿಯಲ್ಲಿ 33ರ ಮುಂದೆ ಎಣ್ಣೆಯ ಲೆಕ್ಕವಿಲ್ಲ.

ಆಮೇಲಿನ ಎಂಟು ಖೇಪುಗಳು ಮಾಸಿಕಕ್ಕೆ, ವರ್ಷಾಂತಕ್ಕೆ, ಕಾಗದಪತ್ರಕ್ಕೆ, ಮನೆಯ ಸಾಮಾನು ಹಂಚುವುದಕ್ಕೆ ಆದವು. 2018ರಲ್ಲಿ ಮನೆ ಮಾರಿದೆವು. ವಹಿ ನಲವತ್ತೊಂದಕ್ಕೆ ನಿಂತಿತು.

ಡೀಸೆಲ್ ಕಾರಿಗೆ ದೂರವೇ ಆಹಾರ. ನಮ್ಮ ಕಾರಿಗೆ ಆಮೇಲೆ ಸಿಕ್ಕಿದ್ದು ತರಕಾರಿ ಮಂಡಿ, ಸಂಘದ ಸಭೆ, ದವಾಖಾನೆ. ಎಲ್ಲ ಎರಡು ಮೂರು ಕಿಲೋಮೀಟರು. ಇಂಜಿನು ಪೂರ್ತಿ ಬಿಸಿಯಾಗುವುದರೊಳಗೆ ಆರಿಸಿಬಿಟ್ಟರೆ ಒಳಗೆ ಮಸಿ ಕೂಡುತ್ತದೆ. ಕೊರೋನಾದ ವರ್ಷ ನಿಂತಲ್ಲೇ ನಿಂತು ಬ್ಯಾಟರಿ ಸತ್ತಿತು. ಅದೇ 2020ರ ಏಪ್ರಿಲಿನಿಂದ ಹೊಗೆಯ ಹೊಸ ನಿಯಮ ಬಂದು, ಈ ಇಂಜಿನಿನ ಕಾರುಗಳನ್ನು ಮಾಡುವುದನ್ನೇ ನಿಲ್ಲಿಸಿದರು. ಮಗಳು ಇಟ್ಟಿದ್ದ ಪತ್ರಿಕೆಯ ತುಂಡು ನೆನಪಾಯಿತು. ಹೊಗೆ ಹೋಗುವ ದಾರಿಯ ಮಸಿ ಕೆರೆದು ತೆಗೆದ ಮೇಸ್ತ್ರಿ, ಕರಿಯಾದ ಕೈ ಒರೆಸಿಕೊಳ್ಳುತ್ತ ಮರಾಠಿಯಲ್ಲಿ ಹೇಳಿದ: “ಗಾಡೀತ ಕಾಹೀ ನಾಹೀ ಸಾಹೇಬ. ಲಾಂಬ ಘೇವೂನ ಜಾ.” ಗಾಡಿಯಲ್ಲಿ ದೋಷವೇನೂ ಇಲ್ಲ, ದೂರ ತೆಗೆದುಕೊಂಡು ಹೋಗಿ, ಎಂದು. ದೂರ ಎಲ್ಲಿಗೆ ಎಂಬುದನ್ನು ಅವನನ್ನು ಕೇಳಿ ಪ್ರಯೋಜನವಿರಲಿಲ್ಲ.

2024ರ ಡಿಸೆಂಬರಿನಲ್ಲಿ ಮಗಳಿಗೆ ಬೆಂಗಳೂರಿನಲ್ಲಿ ಕೆಲಸವಾಯಿತು. ಸಾಮಾನು ಬಹಳವಿತ್ತು, ಕಾರಿನಲ್ಲಿಯೇ ಹೋಗೋಣವೆಂದಳು. ಈ ಸಲ ನಡೆಸುವವಳು ಅವಳು, ಪಕ್ಕದಲ್ಲಿ ನಾನು. ಖಂಬಾಟ್ಕಿಯಲ್ಲಿ ನಾನು ಹೇಳುವ ಮೊದಲೇ ಎರಡನೆಯ ಗೇರಿಗೆ ಇಳಿಸಿದಳು. ಕೊಗನೊಳಿಯ ಹತ್ತಿರ ಮೊದಲ ಕನ್ನಡ ಬೋರ್ಡು ಕಂಡಾಗ ಇಬ್ಬರೂ ಒಟ್ಟಿಗೆ ಕೂಗಿದೆವು, ಪಂದ್ಯ ಸಮವಾಯಿತು. ಇಂಜಿನು ನೂರು ಕಿಲೋಮೀಟರಿನೊಳಗೇ ಗಂಟಲು ಸರಿಮಾಡಿಕೊಂಡಿತ್ತು.

ಧಾರವಾಡದ ಹೊರಗೆ ನರೇಂದ್ರದ ಹತ್ತಿರ ದಾರಿ ಎರಡಾಗುತ್ತದೆ. ಬೆಂಗಳೂರಿಗೆ ಹೋಗುವವರು ಊರನ್ನು ಬಿಟ್ಟು ಬೈಪಾಸು ಹಿಡಿಯಬೇಕು. ನಾನು ಏನೂ ಹೇಳಲಿಲ್ಲ. ಅವಳು ಊರಿನ ಕಡೆಗೆ ತಿರುಗಿಸಿದಳು. ಮಾಳಮಡ್ಡಿಯಲ್ಲಿ ಆ ಮನೆಗೆ ಈಗ ಹಳದಿ ಬಣ್ಣ. ಕಟ್ಟೆ ಹಾಗೆಯೇ ಇದೆ, ಅದರ ಮೇಲೆ ಯಾರದೋ ಮಗುವಿನ ಸೈಕಲ್ಲು. ಕಾರನ್ನು ಕಟ್ಟೆಯ ಮುಂದೆ ಒಂದು ನಿಮಿಷ ನಿಲ್ಲಿಸಿದಳು, ಇಂಜಿನು ಆರಿಸಲಿಲ್ಲ. ಆಮೇಲೆ ಲೈನ್ ಬಜಾರಿಗೆ ಹೋಗಿ ಪೇಢೆ ಕೊಂಡೆವು.

ಹುಬ್ಬಳ್ಳಿಯ ಆಚೆ ಪಂಪಿನಲ್ಲಿ ಡೀಸೆಲು ತುಂಬಿಸುವಾಗ ಅವಳು ಕೇಳಿದಳು: “ಅಪ್ಪಾ, ಇದನ್ನ ಲೆಕ್ಕಕ್ಕ ಹಿಡೀತೀರೇನು?”

ವಹಿ ಕಾರಿನ ಖಾನೆಯಲ್ಲಿಯೇ ಇತ್ತು. ಅವಳೇ ತೆಗೆದು, ಪೆನ್ನು ಸರಿಯಾಗಿ ಬಾರದ್ದರಿಂದ ಎರಡು ಸಲ ತಿದ್ದಿ ಬರೆದಳು: 42. ಅದರ ಮುಂದೆ, 22 ಲೀಟರು.